ರೋಡ್‌ಕಿಂಗ್‌ನ ಮುಂದಿನ ಶಾಕ್ ಕೊನೆಗೂ ಬಗ್ಗಿತು

ಬದಿಯಡ್ಕ–ಪೆರ್ಲ ರಸ್ತೆಯ ಹೊಂಡಗಳಲ್ಲಿ ಇವತ್ತು ನನ್ನ ಹಳೇ ಯೆಜ್ಡಿ ರೋಡ್‌ಕಿಂಗ್ ಬೈಕಿನ ಹ್ಯಾಂಡಲ್ ಮಣಿಕಟ್ಟಿಗೆ ಪೆಟ್ಟು ಕೊಡಲಿಲ್ಲ. ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದ ಎರಡು ಕಾಲಿನ ಶಾಕ್, ಆಡ್ತಾ ಇದೆ! ಬಿಚ್ಚಿ ಜೋಡಿಸುವುದು ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ತಲೆ ತಿಂದದ್ದು ಒಂದೇ. ಎಣ್ಣೆ, ಅದು ಸೋರದಂತೆ ತಡೆಯುವ ರಬ್ಬರ್ ಸೀಲ್ ಎಲ್ಲ ಹೊಸದಾದರೂ ಮುಂಭಾಗ ಮರಗಟ್ಟಿದ ಹಾಗೇ ಇತ್ತು.

ಹಿಂದೆ ಯಾರೋ 20ಡಬ್ಲ್ಯು-40 ಅನ್ನುವ ದಪ್ಪ ಇಂಜಿನ್ ಆಯಿಲ್ ತುಂಬಿದ್ದರು. ಫೋರ್ಕಿನ ಕುಣಿತ ತಡೆಯಲು ಎಣ್ಣೆ ಹಾಯುವ ಡ್ಯಾಂಪರ್ ತೂತುಗಳಲ್ಲಿ ಕಪ್ಪು ಗಸಿ. ತೊಳೆದು ಫೋರ್ಕ್ ಆಯಿಲ್ ಹಾಕಿದೆ, ಏನೂ ವ್ಯತ್ಯಾಸ ಆಗಲಿಲ್ಲ. ದಪ್ಪ ಎಣ್ಣೆ ತಡೆಯುವುದು ಫೋರ್ಕ್ ಜೋರಾಗಿ ಇಳಿಯುವಾಗ, ಅಲ್ವಾ? ಮೆಲ್ಲಗೆ ಒತ್ತಿದರೆ ಇಳಿಯಬೇಕು. ಎಣ್ಣೆ ಜಾಸ್ತಿಯಾದರೆ ಮೇಲಿನ ಗಾಳಿಗೆ ಜಾಗ ಸಾಲದೆ ಕೊನೆಯಲ್ಲಿ ಗಟ್ಟಿಯಾಗುತ್ತದೆ. ನನ್ನದು ಶುರುವಿನಲ್ಲೇ ಕಚ್ಚುತ್ತಿತ್ತು. ಅಂದರೆ ಎಲ್ಲೋ ಲೋಹಕ್ಕೆ ಲೋಹ ಉಜ್ಜುತ್ತಿದೆ.

ಲೇತ್ ಅಂಗಡಿಯ ಇಚ್ಚ ಫೋರ್ಕಿನ ಪೈಪುಗಳನ್ನು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿದರು. "ಪೈಪ್ ನೆಟ್ಟಗಿದೆ ಮಾರಾಯ್ರೇ, ಬೇರೆ ಕಡೆ ಹುಡುಕಿ" ಅಂದರು. ಚಕ್ರ ತೆಗೆದರೆ ಎರಡೂ ಕಾಲು ಬೇರೆಬೇರೆಯಾಗಿ ಸಲೀಸಾಗಿ ಮೇಲೆ ಕೆಳಗೆ ಹೋಗುತ್ತವೆ. ಚಕ್ರ ಹಾಕಿ ಅದರ ನಡುವಿನ ಸರಳು, ಅಂದರೆ ಆಕ್ಸಲ್, ಬಿಗಿದ ಕೂಡಲೇ ಹಿಡಿಯುತ್ತದೆ. ಕಾಲಿನ ತುದಿಯಲ್ಲಿ ಆಕ್ಸಲನ್ನು ಅಮುಕಿ ಹಿಡಿಯುವ ಪಿಂಚ್ ಬೋಲ್ಟ್ ಸಡಿಲಿಸಿದರೂ ಬಿಡುವುದಿಲ್ಲ!

ಗುಟ್ಟು ಇದ್ದದ್ದು ಅಲ್ಲೇ. ಆಕ್ಸಲ್ ಒಂದು ಕಾಲಿನ ತಿರುಪಿನಲ್ಲಿ ಬಿಗಿಯಾಗುತ್ತದೆ. ಪಿಂಚ್ ಬೋಲ್ಟ್ ಇರುವ ಇನ್ನೊಂದು ಕಾಲು ಆಕ್ಸಲ್ ಮೇಲೆ ಜಾರಿ ತನ್ನ ಜಾಗ ತಾನೇ ಹುಡುಕಿಕೊಳ್ಳಬೇಕು. ಕೈಯಲ್ಲಿ ತಳ್ಳಿದರೆ ಹೋಗಬೇಕಾದ ಆಕ್ಸಲ್ ಅಲ್ಲಿ ಸುತ್ತಿಗೆಯ ಪೆಟ್ಟಿಗೆ ಮಾತ್ರ ಹೋಗುತ್ತಿತ್ತು. ಟಾರ್ಚ್ ಹಾಕಿ ನೋಡಿದೆ. ತೂತಿನ ಒಳಗೋಡೆಗೆ ಕಂದು ತುಕ್ಕು ಪುಡಿ ಹಳೇ ಗ್ರೀಸಿನ ಜೊತೆ ಗಟ್ಟಿಯಾಗಿ ಅಂಟಿತ್ತು. ನಮ್ಮ ಮಳೆ, ನಮ್ಮ ಕಡಲ ಗಾಳಿ. ಕಾಲು ಒಳಕ್ಕೆ ಎಳೆದುಕೊಂಡೇ ನಿಲ್ಲುತ್ತಿತ್ತು, ಪೈಪ್ ತಾನು ಜಾರುವ ಲೋಹದ ಬಳೆಗೆ (ಬುಶ್) ಒತ್ತಿ ಹಿಡಿಯುತ್ತಿತ್ತು. ಸಣ್ಣ ಎಮರಿ ಕಾಗದ ಸುತ್ತಿ ಉಜ್ಜಿ, ತೆಳ್ಳಗೆ ಗ್ರೀಸ್ ಸವರಿ, ಆಕ್ಸಲ್ ಬಿಗಿದೆ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಚೆನ್ನಾಗಿ ಒತ್ತಿ ಒತ್ತಿ ಬಿಟ್ಟೆ. ಪಿಂಚ್ ಬೋಲ್ಟ್ ಎಲ್ಲಕ್ಕಿಂತ ಕೊನೆಗೆ. ಎಷ್ಟು ಖುಷಿಯಾಯಿತು ಅಂದರೆ ಅಂಗಳದಲ್ಲೇ ಸುಮ್ನೆ ಕೂತು ಒತ್ತುತ್ತಾ ಇದ್ದೆ.

ಎಮರಿ ಕಾಗದ ಮಿಕ್ಕಿದೆ. ಅಡಿಕೆ ತೋಟದ ಹಳೇ ಸೀಮೆಎಣ್ಣೆ ಪಂಪ್ ಮುಂದಿನ ಕೆಲಸ. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜಾತಿಯದ್ದು. ಕಿಡಿ ಬರುತ್ತಿಲ್ಲ. ಮೊದಲು ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ಉಜ್ಜಿ ನೋಡಬೇಕು.

ಅದಕ್ಕೂ ಮೊದಲು ಸೀಲ್. ಒಂದು ಕಾಲಿನಲ್ಲಿ ಈಗಲೇ ಎಣ್ಣೆ ಜಿನುಗುತ್ತಿದೆ. ಹಳೇ ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಸಿಗುವುದು ಹಳೇ ಸ್ಟಾಕ್, ಇಲ್ಲವೇ ನಕಲು. ಮಂಗಳೂರಿನ ಅಂಗಡಿಯವರು ಕಳಿಸಿದ ಸೀಲ್‌ನ ಅಳತೆ ಸರಿ, ಪೈಪಿಗೆ ಅಂಟುವ ರಬ್ಬರ್ ತುಟಿ ಮಾತ್ರ ಒಣಗಿ ಗಟ್ಟಿಯಾಗಿದೆ. ಅಂಥದ್ದಕ್ಕೂ ಹೊಸದರ ದುಡ್ಡು ತೆಗೆದುಕೊಂಡರಲ್ಲ, ಸಿಟ್ಟು ಬರುವುದಿಲ್ಲವೇ? ಮುಂದಿನ ಸಲ ನಾನೇ ಬಸ್ ಹತ್ತಿ ಹೋಗಿ, ಅಲ್ಲೇ ಉಗುರು ಒತ್ತಿ ನೋಡಿ ತರುತ್ತೇನೆ.