ಯಂತ್ರವೇ ಎಲ್ಲ ಅಳೆಯುತ್ತದಲ್ಲ, ಮತ್ತೆ ಸ್ಕೌಟ್ ಯಾಕೆ ಬೇಕು?

ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಇಲ್ಲಿ ಅಮೆರಿಕದ ಕನ್ನಡ ಕೂಟದಲ್ಲಿ ಸಿಕ್ಕವರು ಕೇಳುತ್ತಾರೆ. ಮಕ್ಕಳನ್ನು ಲಿಟ್ಲ್ ಲೀಗ್ ಬೇಸ್‌ಬಾಲ್‌ಗೆ ಸೇರಿಸಿದ ಅಪ್ಪಂದಿರಂತೂ ಕೇಳದೆ ಬಿಡುವುದಿಲ್ಲ. ಈಗ ಚೆಂಡಿನ ವೇಗ, ಅದು ಗಾಳಿಯಲ್ಲಿ ಎಷ್ಟು ಸುತ್ತುತ್ತದೆ, ಬ್ಯಾಟಿಗೆ ತಗುಲಿ ಎಷ್ಟು ಜೋರಾಗಿ ಹೋಗುತ್ತದೆ, ಎಲ್ಲವನ್ನೂ ಯಂತ್ರವೇ ಅಳೆದು ಕೊಡುತ್ತದೆ. ಹಾಗಿದ್ದ ಮೇಲೆ ಬೇಸ್‌ಬಾಲ್ ತಂಡಗಳು ಇನ್ನೂ ಯಾಕೆ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳನ್ನು ಇಟ್ಟುಕೊಂಡಿವೆ? ಆ ಜನ ಊರೂರು ಸುತ್ತಿ, ಹೈಸ್ಕೂಲ್ ಮೈದಾನದ ಬೇಲಿಯ ಹಿಂದೆ ಕೂತು ಏನು ನೋಡುತ್ತಾರೆ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಹೇಳುವುದು ಹುಡುಗ ಇವತ್ತು ಏನು ಮಾಡಿದ ಅಂತ. ತಂಡಕ್ಕೆ ಬೇಕಿರುವುದು ಅವನು ಇನ್ನು ಐದು ವರ್ಷಕ್ಕೆ ಏನಾಗಿರುತ್ತಾನೆ ಅನ್ನುವುದು. ಇವೆರಡರ ನಡುವೆ ಇರುವ ದೂರವೇ ಸ್ಕೌಟ್‌ನ ಕೆಲಸ.

ಸ್ಕೌಟ್‌ಗಳು ನೋಡಿ ಬಂದ ಹುಡುಗರನ್ನು ತಂಡಗಳು ಆರಿಸಿಕೊಳ್ಳುವುದು ಡ್ರಾಫ್ಟ್‌ನಲ್ಲಿ. ಕ್ರಿಕೆಟ್ ನೋಡಿ ಬೆಳೆದ ನಮಗೆ ಡ್ರಾಫ್ಟ್ ಅಂದ ತಕ್ಷಣ ಐಪಿಎಲ್ ಹರಾಜು ನೆನಪಾಗುತ್ತದೆ. ಅದೇ ಬೇರೆ, ಇದೇ ಬೇರೆ. ಹರಾಜಿನಲ್ಲಿ ಜಾಸ್ತಿ ದುಡ್ಡು ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಒಂದೊಂದು ತಂಡ ಒಬ್ಬೊಬ್ಬ ಹುಡುಗನ ಹೆಸರು ಹೇಳುತ್ತದೆ, ಹೆಸರು ಹೇಳಿದ ತಂಡಕ್ಕೆ ಮಾತ್ರ ಅವನ ಜೊತೆ ಒಪ್ಪಂದದ ಮಾತಾಡುವ ಹಕ್ಕು. ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿ ಸಿಗುವ ಅವಕಾಶ ಜಾಸ್ತಿ. 2023ರಿಂದ ಮೊದಲ ಆರು ಸರದಿಗಳಿಗೆ ಲಾಟರಿ ಇದೆ. 1965ರಲ್ಲಿ ಶುರುವಾದ ಈ ಪದ್ಧತಿ ಒಂದು ಕಾಲದಲ್ಲಿ 50 ಸುತ್ತಿನವರೆಗೂ ನಡೆಯುತ್ತಿತ್ತು, ಈಗ 20 ಸುತ್ತು. ಅಂದರೆ ಪ್ರತಿ ಜುಲೈನಲ್ಲಿ ಸುಮಾರು 600 ಹುಡುಗರು. ಅಮೆರಿಕ, ಕೆನಡಾ, ಪೋರ್ಟೊ ರಿಕೊದವರು ಮಾತ್ರ ಇದರಲ್ಲಿ ಬರುತ್ತಾರೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಹುಡುಗರನ್ನು ತೆಗೆದುಕೊಳ್ಳುವ ದಾರಿಯೇ ಬೇರೆ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಹಿಡಿದುಕೊಳ್ಳದೆ ಉಳಿದದ್ದು ಅರ್ಥವಾಗುವುದಿಲ್ಲ. ಐಪಿಎಲ್‌ನಲ್ಲಿ ಕೊಂಡ ಆಟಗಾರ ಬರುವ ಸೀಸನ್‌ನಲ್ಲೇ ಆಡುತ್ತಾನೆ. ಇಲ್ಲಿ ಹೆಸರು ಕರೆಸಿಕೊಂಡ ಹುಡುಗ ಕೆಳಹಂತದ ಮೈನರ್ ಲೀಗ್‌ಗೆ ಹೋಗುತ್ತಾನೆ, ಸಣ್ಣ ಊರುಗಳಲ್ಲಿ ಬಸ್ಸಿನಲ್ಲಿ ಓಡಾಡಿಕೊಂಡು ವರ್ಷಗಟ್ಟಲೆ ಆಡುತ್ತಾನೆ, ಮತ್ತು ಅವರಲ್ಲಿ ಹೆಚ್ಚಿನವರು ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್‌ನ ಮೈದಾನಕ್ಕೆ ಕಾಲಿಡುವುದೇ ಇಲ್ಲ.

ಸ್ಕೌಟ್ ಬರೆಯುವ ವರದಿಯಲ್ಲಿ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಅಂದರೆ ಮೇಜರ್ ಲೀಗ್‌ನ ಸಾಧಾರಣ ಆಟಗಾರ, 80 ಅಂದರೆ ಅಪರೂಪದವನು. ಬ್ಯಾಟರ್ ಆದರೆ ಐದು ವಿಷಯ: ಚೆಂಡಿಗೆ ಬ್ಯಾಟ್ ತಾಗಿಸುವುದು, ಹೊಡೆತದ ಜೋರು, ಓಟ, ಫೀಲ್ಡಿಂಗ್, ಎಸೆತ. ಓಟಕ್ಕೆ ಸ್ಟಾಪ್‌ವಾಚ್ ಇದೆ. ಬಲಗೈ ಬ್ಯಾಟರ್ ಹೊಡೆದು, ಓಡಿ ಮೊದಲ ಬೇಸ್ (ಓಟದಲ್ಲಿ ಮುಟ್ಟಬೇಕಾದ ಮೊದಲ ಗುರುತು) ಮುಟ್ಟಲು 4.3 ಸೆಕೆಂಡ್ ತೆಗೆದುಕೊಂಡರೆ ಅದು ಹೆಚ್ಚುಕಡಿಮೆ 50. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಚೆಂಡು ಹಿಡಿದು ಎರಡನೇ ಬೇಸ್‌ಗೆ ತಲುಪಿಸಲು 2 ಸೆಕೆಂಡ್ ಹಿಡಿದರೆ ಅದೂ ಸುಮಾರು ಅಷ್ಟೇ. ಆದರೆ ಪ್ರತಿ ಸಾಲಿನಲ್ಲೂ ಎರಡು ಅಂಕ ಇರುತ್ತವೆ, ಈಗಿನದು ಮತ್ತು ಮುಂದಿನದು. ಹದಿನೆಂಟರ ಹುಡುಗನಿಗೆ ಈಗಿನ ಬ್ಯಾಟಿಂಗ್ 25 ಅಂತ ಬರೆದು ಪಕ್ಕದಲ್ಲಿ 55 ಅಂತ ಬರೆಯಬೇಕು. ಮೊದಲ ಅಂಕವನ್ನು ಯಂತ್ರ ನನಗಿಂತ, ನಿಮಗಿಂತ, ಯಾವ ಸ್ಕೌಟ್‌ಗಿಂತಲೂ ಚೆನ್ನಾಗಿ ತುಂಬುತ್ತದೆ, ಅದರಲ್ಲಿ ವಾದವೇ ಇಲ್ಲ. ಎರಡನೆಯ ಅಂಕ ಬರೆಯುವುದಕ್ಕೆ ಹುಡುಗನನ್ನು ತಿಳಿದುಕೊಂಡಿರಬೇಕು.

ಏನು ತಿಳಿದುಕೊಳ್ಳಬೇಕು? ಮೊದಲು ಮೈಕಟ್ಟು. ಭುಜ ಅಗಲ ಇದ್ದು ಇನ್ನೂ ಸಣಕಲಾಗಿದ್ದರೆ ತೂಕ ಬರಲು ಜಾಗ ಇದೆ ಅಂತ ಅರ್ಥ. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮನ ಎತ್ತರವನ್ನೂ ನೋಡುತ್ತಾರೆ. ಆಮೇಲೆ ಕಲಿಸಬಹುದಾದದ್ದು ಯಾವುದು, ಕಲಿಸಲಾಗದ್ದು ಯಾವುದು ಅಂತ ಬೇರೆ ಮಾಡಬೇಕು. ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್ ಕಾಲಿಡುವ ರೀತಿ ಸರಿಪಡಿಸಬಹುದು, ಹೊಸ ಬಗೆಯ ಚೆಂಡು ಎಸೆಯಲು ಕಲಿಸಬಹುದು. ತೋಳು ಚಾಟಿಯಂತೆ ಬೀಸುವ ಆ ಸಲೀಸುತನವನ್ನು ಯಾರೂ ಹೊಸದಾಗಿ ತುಂಬಲು ಆಗುವುದಿಲ್ಲ. ಜೇಕಬ್ ಡಿಗ್ರಾಮ್ ಸ್ಟೆಟ್ಸನ್ ವಿಶ್ವವಿದ್ಯಾಲಯದಲ್ಲಿ ಶಾರ್ಟ್‌ಸ್ಟಾಪ್ ಎಂಬ ಜಾಗದಲ್ಲಿ ಫೀಲ್ಡರ್ ಆಗಿದ್ದವನು, ಪಿಚಿಂಗ್ ಶುರು ಮಾಡಿದ್ದೇ ಮೂರನೇ ವರ್ಷದಲ್ಲಿ. ಅಂಕಿಅಂಶ ನೋಡಿದರೆ ಏನೂ ಇಲ್ಲ. ನ್ಯೂಯಾರ್ಕ್ ಮೆಟ್ಸ್ 2010ರ ಒಂಬತ್ತನೇ ಸುತ್ತಿನಲ್ಲಿ ಅವನನ್ನು ತೆಗೆದುಕೊಂಡಿತು, 2018 ಮತ್ತು 2019ರಲ್ಲಿ ಅವನು ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ.

ಇನ್ನು ಎದುರಾಳಿ ಯಾರು ಅನ್ನುವುದು. ಹೈಸ್ಕೂಲ್ ಬ್ಯಾಟರ್ ಹೊಡೆದ ಹೋಂ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಗಂಟೆಗೆ 75 ಮೈಲಿ ವೇಗದ ಚೆಂಡಿಗೋ, 93ರ ಚೆಂಡಿಗೋ? ಮೇಜರ್ ಲೀಗ್‌ನಲ್ಲಿ ಈಗ ನೇರ ಚೆಂಡಿನ ಸರಾಸರಿ ವೇಗವೇ ಸುಮಾರು 94 ಮೈಲಿ. ಕಾಲೇಜಿನಲ್ಲಿ ಲೋಹದ ಬ್ಯಾಟ್ ಬಳಸುತ್ತಾರೆ, ಮೇಜರ್ ಲೀಗ್‌ನಲ್ಲಿ ಮರದ್ದು, ಚೆಂಡು ಒಳಗೆ ನುಗ್ಗಿ ಹಿಡಿಯ ಹತ್ತಿರ ತಾಗಿದರೆ ಮರದ ಬ್ಯಾಟ್ ಮುರಿಯುತ್ತದೆ. ಅದಕ್ಕೇ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್‌ಗೆ ಬೇಸಿಗೆಯಲ್ಲಿ ಸ್ಕೌಟ್‌ಗಳ ದಂಡೇ ಹೋಗುವುದು. ದೇಶದ ಒಳ್ಳೊಳ್ಳೆ ಕಾಲೇಜು ಹುಡುಗರು ಅಲ್ಲಿ ಮರದ ಬ್ಯಾಟ್ ಹಿಡಿದು, ತಮ್ಮಷ್ಟೇ ಒಳ್ಳೆಯ ಪಿಚರ್‌ಗಳ ಎದುರು ಆಡುತ್ತಾರೆ.

ಇಷ್ಟೆಲ್ಲ ಹೇಳುವಾಗ ಮೈಕ್ ಟ್ರೌಟ್ ವಿಷಯ ಬಿಡುವ ಹಾಗಿಲ್ಲ. 2009ರ ಡ್ರಾಫ್ಟ್. ಮೊದಲ ಸರದಿಯಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು ಕರೆಯಿತು, ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಟ್ರೌಟ್ ಹೆಸರು ಬಂದದ್ದು 25ನೆಯದಾಗಿ. ಇಪ್ಪತ್ತಕ್ಕೂ ಜಾಸ್ತಿ ತಂಡಗಳು ಅವನನ್ನು ಬಿಟ್ಟು ಬೇರೆಯವರ ಹೆಸರು ಹೇಳಿದ್ದವು. ಅವನನ್ನು ತೆಗೆದುಕೊಂಡ ಏಂಜಲ್ಸ್‌ಗೆ 24ನೇ ಸರದಿಯೂ ಇತ್ತು, ಅದರಲ್ಲಿ ಅವರು ಕರೆದದ್ದು ಟೆಕ್ಸಸ್‌ನ ರ‍್ಯಾಂಡಲ್ ಗ್ರಿಚಕ್ ಎಂಬ ಹುಡುಗನನ್ನು. ಮುಂದೆ 2014, 2016, 2019ರಲ್ಲಿ ಮೇಜರ್ ಲೀಗ್‌ನ ಇನ್ನೊಂದು ಭಾಗವಾದ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವನು ಯಾಕೆ ಅಷ್ಟು ಹಿಂದೆ ಉಳಿದ? ಅವನ ಊರು ಮಿಲ್‌ವಿಲ್, ನ್ಯೂಜೆರ್ಸಿಯ ದಕ್ಷಿಣದಲ್ಲಿದೆ. ಫ್ಲೋರಿಡಾ, ಕ್ಯಾಲಿಫೋರ್ನಿಯಾ ಹುಡುಗರು ಫೆಬ್ರವರಿಯಲ್ಲೇ ಬಿಸಿಲಲ್ಲಿ ಆಡುತ್ತಿರುವಾಗ ಇಲ್ಲಿ ಏಪ್ರಿಲ್‌ನಲ್ಲೂ ಚಳಿ ಮಳೆ. ಪಂದ್ಯಗಳು ಕಮ್ಮಿ. ಎದುರಿನ ಪಿಚರ್‌ಗಳೂ ಅಷ್ಟೇನೂ ಜೋರಿಲ್ಲ. ವಿಮಾನ ಹತ್ತಿ ಬಂದ ದೊಡ್ಡ ಅಧಿಕಾರಿ ಒಂದು ಪಂದ್ಯ ನೋಡಿ, ಹುಡುಗನಿಗೆ ಬೇಕಂತಲೇ ಬ್ಯಾಟಿಗೆ ಸಿಗದ ಹಾಗೆ ಹೊರಗೆ ಎಸೆದ ಚೆಂಡುಗಳನ್ನಷ್ಟೇ ಕಂಡು ವಾಪಸ್ ಹೋದರೆ ಏನು ಬರೆಯಬೇಕು?

ಏಂಜಲ್ಸ್‌ನ ಏರಿಯಾ ಸ್ಕೌಟ್, ಅಂದರೆ ಆ ಪ್ರದೇಶ ನೋಡಿಕೊಳ್ಳುತ್ತಿದ್ದ ಗ್ರೆಗ್ ಮೋರ್‌ಹಾರ್ಟ್ ಅವರಿಗೆ ಆ ತೊಂದರೆ ಇರಲಿಲ್ಲ. ಅವರು ಮಿನೆಸೋಟ ಟ್ವಿನ್ಸ್‌ನ ಮೈನರ್ ಲೀಗ್‌ನಲ್ಲಿ ಮೈಕ್‌ನ ಅಪ್ಪ ಜೆಫ್ ಟ್ರೌಟ್ ಜೊತೆಯಲ್ಲೇ ಆಡಿದವರು. ಅಪ್ಪನ ಆಟ ಗೊತ್ತು, ಮನೆತನ ಗೊತ್ತು, ಮಗ ಅಪ್ಪನಿಗಿಂತ ಎಷ್ಟು ಮುಂದಿದ್ದಾನೆ ಅಂತ ಪಕ್ಕಪಕ್ಕದಲ್ಲಿಟ್ಟು ನೋಡಬಲ್ಲ ಕಣ್ಣಿತ್ತು. ಅವರು ಪಟ್ಟು ಹಿಡಿದರು, ಅವರ ಮಾತನ್ನು ತಂಡದ ಸ್ಕೌಟಿಂಗ್ ಮುಖ್ಯಸ್ಥರಾಗಿದ್ದ ಎಡ್ಡಿ ಬೇನ್ ನಂಬಿದರು. ಯಂತ್ರಕ್ಕೆ ಈ ನಂಟು ಕೊಡಲು ಸಾಧ್ಯವೇ ಇಲ್ಲ, ನಾನು ಈ ಕೆಲಸವನ್ನು ಇಷ್ಟು ಗೌರವಿಸಲು ಇದೇ ಕಾರಣ.

ಸ್ವಭಾವ ವಿಚಾರಿಸುವುದು ಇನ್ನೂ ಕಷ್ಟದ ಕೆಲಸ. ಹಳೇ ಕಾಲದಲ್ಲಿ ಸಂಬಂಧ ನೋಡುವವರು ಅಕ್ಕಪಕ್ಕದ ಮನೆಯಲ್ಲಿ ಮೆಲ್ಲಗೆ ವಿಚಾರಿಸುತ್ತಿದ್ದರಲ್ಲ, ಹಾಗೇ ಸ್ಕೌಟ್ ಕೂಡ ಕೋಚ್‌ನನ್ನು, ಶಾಲೆಯ ಮೇಷ್ಟ್ರನ್ನು, ಜೊತೆ ಆಡುವ ಹುಡುಗರ ಅಪ್ಪ ಅಮ್ಮನನ್ನು ಮಾತಾಡಿಸುತ್ತಾನೆ. ಮೈದಾನದಲ್ಲಿ ಅವನ ಕಣ್ಣು ಹೋಂ ರನ್ ಮೇಲೆ ಇರುವುದಕ್ಕಿಂತ ಔಟಾಗಿ ಬಂದ ಮೇಲಿನ ಎರಡು ನಿಮಿಷದ ಮೇಲೆ ಜಾಸ್ತಿ ಇರುತ್ತದೆ. ತನ್ನ ಫೀಲ್ಡರ್ ಕ್ಯಾಚ್ ಬಿಟ್ಟಾಗ ಪಿಚರ್ ತಲೆ ಕೆಡಿಸಿಕೊಂಡನಾ, ಮುಂದಿನ ಚೆಂಡಿಗೆ ತಯಾರಾದನಾ? ಮೈನರ್ ಲೀಗ್‌ನಲ್ಲಿ ವಾರಕ್ಕೆ ಆರು ದಿನ ಆಟ ಇರುತ್ತದೆ. ಮನೆಯಿಂದ ದೂರ, ಶಾಲೆಯಲ್ಲಿ ಯಾವತ್ತೂ ಸೋತು ಗೊತ್ತಿಲ್ಲದ ಹುಡುಗ ಅಲ್ಲಿ ಮೊದಲ ಬಾರಿಗೆ ದಿನಾ ಸೋಲುತ್ತಾನೆ.

ಸ್ಕೌಟ್ ಸರಿಯಾಗಿ ಹೇಳಿದರೂ ತಂಡ ಕೇಳಬೇಕಲ್ಲ. ಏರಿಯಾ ಸ್ಕೌಟ್ ಬರೆದದ್ದನ್ನು ಕ್ರಾಸ್‌ಚೆಕರ್ ಬಂದು ಪರೀಕ್ಷಿಸುತ್ತಾನೆ, ಕೊನೆಗೆ ತೀರ್ಮಾನ ಸ್ಕೌಟಿಂಗ್ ಡೈರೆಕ್ಟರ್‌ದು. 1999ರಲ್ಲಿ ಟ್ಯಾಂಪಾ ಬೇ ತಂಡದ ಸ್ಕೌಟ್ ಫರ್ನಾಂಡೊ ಅರಾಂಗೊ ಕ್ಯಾನ್ಸಸ್ ಸಿಟಿಯ ಸಮುದಾಯ ಕಾಲೇಜಿನಲ್ಲಿ ಆಡುತ್ತಿದ್ದ ಒಬ್ಬ ಹುಡುಗನ ಬಗ್ಗೆ ಎಷ್ಟು ಹೇಳಿದರೂ ತಂಡದವರು ಒಪ್ಪಲಿಲ್ಲ. ಮೈ ದಪ್ಪ, ಯಾವ ಜಾಗದಲ್ಲಿ ಆಡಿಸುವುದು ಅಂತೆಲ್ಲ ಅನುಮಾನ ಇತ್ತು. 13ನೇ ಸುತ್ತಿನಲ್ಲಿ, 402ನೆಯವನಾಗಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವನನ್ನು ತೆಗೆದುಕೊಂಡಿತು. ಅರಾಂಗೊ ಆ ಕೆಲಸವನ್ನೇ ಬಿಟ್ಟರು. ಆ ಹುಡುಗ ಆಲ್ಬರ್ಟ್ ಪೂಹೋಲ್ಸ್, 703 ಹೋಂ ರನ್ ಹೊಡೆದವನು.

ನಮ್ಮವರು ಜಾಸ್ತಿ ಕೇಳುವುದು ಕುಮಾರ್ ರಾಕರ್ ಬಗ್ಗೆ. ತಾಯಿಯ ಕಡೆಯಿಂದ ಅವನು ಭಾರತ ಮೂಲದವನು, ಅಪ್ಪ ಟ್ರೇಸಿ ರಾಕರ್ ಅಮೆರಿಕನ್ ಫುಟ್‌ಬಾಲ್ ಆಡಿದವನು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರ 2019ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ 19 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಸರಿಯಾಗಿ ಹೊಡೆಯಲು ಬಿಡದೆ ಔಟ್) ಮಾಡಿ, ಒಂದೂ ಹಿಟ್ (ಹೊಡೆದು ಬೇಸ್ ಮುಟ್ಟುವುದು) ಕೊಡದೆ ಪಂದ್ಯ ಮುಗಿಸಿದ್ದ. 2021ರಲ್ಲಿ ಮೆಟ್ಸ್ 10ನೆಯವನಾಗಿ ಕರೆಯಿತು, 60 ಲಕ್ಷ ಡಾಲರ್ ಮಾತೂ ಆಗಿತ್ತು. ವೈದ್ಯಕೀಯ ಪರೀಕ್ಷೆ ನೋಡಿದ ಮೇಲೆ ಒಪ್ಪಂದವೇ ಆಗಲಿಲ್ಲ. ಅವನು ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮೇಜರ್ ಲೀಗ್ ತಂಡಗಳಿಗೆ ಸೇರದ ಸ್ವತಂತ್ರ ಲೀಗ್‌ನಲ್ಲಿ ಸ್ವಲ್ಪ ಆಡಿ, 2022ರಲ್ಲಿ ಮತ್ತೆ ಡ್ರಾಫ್ಟ್‌ಗೆ ಬಂದ. ಟೆಕ್ಸಸ್ ರೇಂಜರ್ಸ್ ಅವನನ್ನು ಮೂರನೆಯವನಾಗಿ ತೆಗೆದುಕೊಂಡಿತು. ಮರುವರ್ಷ ಮೊಣಕೈ ಶಸ್ತ್ರಚಿಕಿತ್ಸೆ, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್. ಒಂದೇ ಹುಡುಗ, ಒಂದೇ ತೋಳು, ಒಂದು ತಂಡ ಬೇಡ ಅಂದದ್ದನ್ನು ಇನ್ನೊಂದು ತಂಡ ವರ್ಷದೊಳಗೆ ಇನ್ನೂ ಮೇಲಿನ ಸರದಿ ಕೊಟ್ಟು ತೆಗೆದುಕೊಂಡಿತು. ಎಂಆರ್‌ಐ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ಓದಿ ಎಷ್ಟು ಅಪಾಯ ಹೊರಬಹುದು ಅಂತ ತೀರ್ಮಾನಿಸುವವನು ಮನುಷ್ಯನೇ.

ದುಡ್ಡಿನ ಲೆಕ್ಕವೂ ಇದೆ. ಮೊದಲ ಹತ್ತು ಸುತ್ತಿನ ಪ್ರತಿ ಸರದಿಗೂ ಇಷ್ಟು ಅಂತ ಮೊತ್ತ ಗೊತ್ತು ಮಾಡಿರುತ್ತಾರೆ, ಒಟ್ಟು ಮೊತ್ತ ಮಿತಿ ಮೀರಿದರೆ ದಂಡ. 2012ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಪೋರ್ಟೊ ರಿಕೊದ ಕಾರ್ಲೋಸ್ ಕೊರಿಯಾನನ್ನು ಮೊದಲನೆಯವನಾಗಿ ಕರೆದು, 72 ಲಕ್ಷ ಡಾಲರ್ ಸರದಿಗೆ 48 ಲಕ್ಷಕ್ಕೆ ಒಪ್ಪಿಸಿತು, ಉಳಿದ ಹಣ ಇದ್ದದ್ದರಿಂದಲೇ 41ನೇ ಸರದಿಯಲ್ಲಿ ಲ್ಯಾನ್ಸ್ ಮೆಕಲರ್ಸ್ ಜೂನಿಯರ್‌ಗೆ ಅವನು ಕೇಳಿದಷ್ಟು ಕೊಡಲು ಆಯಿತು. 2017ರಲ್ಲಿ ಆ ತಂಡ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಾಗ ಇಬ್ಬರೂ ಅದರಲ್ಲಿದ್ದರು. ಹುಡುಗ ಎಷ್ಟಕ್ಕೆ ಒಪ್ಪುತ್ತಾನೆ, ಕಾಲೇಜಿಗೇ ಹೋಗುತ್ತೇನೆ ಅನ್ನುವುದು ನಿಜವಾ ಸುಮ್ನೆ ಹೇಳುವುದಾ, ಇದನ್ನು ತಿಳಿದು ಬರುವುದೂ ಅವನ ಮನೆಯಲ್ಲಿ ಕೂತು ಕಾಫಿ ಕುಡಿದ ಏರಿಯಾ ಸ್ಕೌಟೇ.

ಸ್ಕೌಟ್‌ಗಳ ಎಣಿಕೆ ತಪ್ಪಾಗುವುದೂ ಉಂಟು. 1991ರಲ್ಲಿ ಯಾಂಕೀಸ್ ಮೊದಲನೆಯವನಾಗಿ ಕರೆದ ಬ್ರಿಯನ್ ಟೇಲರ್ ಭುಜದ ಗಾಯದ ನಂತರ ಮೇಜರ್ ಲೀಗ್ ತಲುಪಲೇ ಇಲ್ಲ. 2013ರ ಮೊದಲಿಗ ಮಾರ್ಕ್ ಅಪೆಲ್ ಅಲ್ಲಿಗೆ ಬಂದದ್ದು 2022ರಲ್ಲಿ. ಆ ಕಾರಣಕ್ಕೆ ಸ್ಕೌಟ್‌ಗಳನ್ನು ಕಮ್ಮಿ ಮಾಡಿ ವಿಡಿಯೊ ನೋಡಿದರೆ ಸಾಕು ಅನ್ನುವ ತಂಡಗಳನ್ನು ನಾನು ಒಪ್ಪುವುದಿಲ್ಲ. ದೊಡ್ಡ ಕಾಲೇಜುಗಳ ಮೈದಾನದಲ್ಲಿ ಯಂತ್ರ ಇದೆ, ಸಣ್ಣ ಊರಿನ ಹೈಸ್ಕೂಲ್‌ನಲ್ಲಿ ಇಲ್ಲ. ಸ್ಕೌಟ್ ಬರದಿದ್ದರೆ ದುಡ್ಡು ಕೊಟ್ಟು ಷೋಕೇಸ್‌ಗಳಿಗೆ (ಹುಡುಗರು ತಮ್ಮ ಆಟ ತೋರಿಸುವ ಶಿಬಿರಗಳು) ಹೋಗಬಲ್ಲ ಮನೆಯ ಹುಡುಗರಷ್ಟೇ ಕಾಣಿಸುತ್ತಾರೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಷೋಕೇಸ್ ಅಂದಾಗ ಅಪ್ಪ ಅಮ್ಮಂದಿರ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಮಗನಿಗೆ ಹದಿನಾಲ್ಕು, ವೇಗ ಅಳೆಯುವ ರೇಡಾರ್ ಗನ್ ಮುಂದೆ ಜೋರಾಗಿ ಎಸೆಯುವುದನ್ನು ಈಗಲೇ ಅಭ್ಯಾಸ ಮಾಡಿಸಬೇಕಾ? ಬೇಡ. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಸೂಚನೆಗಳಲ್ಲಿ 13–14 ವಯಸ್ಸಿನವರಿಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತ ಅಂತ ಇದೆ, ವರ್ಷದಲ್ಲಿ ನಾಲ್ಕು ತಿಂಗಳು ಪಂದ್ಯಗಳಲ್ಲಿ ಪಿಚಿಂಗ್ ಬೇಡ ಅಂತಲೂ ಇದೆ. ವೇಗದ ಹಿಂದೆ ಬಿದ್ದು ಮೊಣಕೈ ಹಾಳು ಮಾಡಿಕೊಳ್ಳುವ ಹುಡುಗರ ಬಗ್ಗೆ 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ವರದಿಯನ್ನೇ ಹೊರತಂದಿದೆ. ಆ ನಾಲ್ಕು ತಿಂಗಳು ಅವನು ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ ಅಂದರೆ ಆಡಲಿ ಬಿಡಿ, ಟ್ರೌಟ್ ಕೂಡ ಹೈಸ್ಕೂಲ್‌ನಲ್ಲಿ ಆಡುತ್ತಿದ್ದ. ಸ್ಕೌಟ್‌ಗಳು ಅದನ್ನೂ ಬಂದು ನೋಡುತ್ತಾರೆ.