ನಾಲ್ಕು ಇಂಚಿನ ತಪ್ಪು

ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡ ಕೂಡಲೇ ಬ್ರಾ ಬಿಚ್ಚಿ ನೆಮ್ಮದಿಯ ಉಸಿರು ಬಿಡುವುದು ಹಲವು ವರ್ಷಗಳ ಕಾಲ ನನ್ನ ದಿನಚರಿಯ ಭಾಗವೇ ಆಗಿತ್ತು. ಗೆಳತಿಯರೆಲ್ಲರೂ ಇದೇ ಮಾತನ್ನು ಹೇಳುತ್ತಿದ್ದುದರಿಂದ ಅದರಲ್ಲಿ ಅಸಹಜವಾದದ್ದೇನೂ ನನಗೆ ಕಾಣಿಸಿರಲಿಲ್ಲ. ಎರಡೂ ಭುಜಗಳ ಮೇಲೆ ಬೆರಳಗಲದ ಕೆಂಪು ಹಳ್ಳ ಬೀಳುತ್ತಿತ್ತು, ಕತ್ತಿನ ಹಿಂಭಾಗ ಸೆಳೆಯುತ್ತಿತ್ತು, ದಿನಕ್ಕೆ ಹತ್ತಾರು ಬಾರಿ ಕೈ ಹಿಂದೆ ಚಾಚಿ ಬೆನ್ನಿನ ಮೇಲೇರಿದ ಪಟ್ಟಿಯನ್ನು ಕೆಳಗೆಳೆದುಕೊಳ್ಳುತ್ತಿದ್ದೆ. ಇದೆಲ್ಲ ನನ್ನ ಮೈಕಟ್ಟಿನ ದೋಷವೆಂದು ನಂಬಿದ್ದೆ. ಉಡುಪಿನ ಅಳತೆಯೇ ತಪ್ಪಿರಬಹುದೆಂಬ ಅನುಮಾನ ಬರುವುದಕ್ಕೆ ತುಂಬ ವರ್ಷಗಳು ಬೇಕಾದವು.

ಆಗ ನಾನು ಹಾಕುತ್ತಿದ್ದುದು 36ಬಿ. ಆ ಸಂಖ್ಯೆಗೆ ನಾನು ತಲುಪಿದ ದಾರಿ ಅನೇಕರಿಗೆ ಪರಿಚಿತವೇ ಇರಬೇಕು. ಅದಕ್ಕೂ ಮೊದಲು 34ಬಿ ಹಾಕುತ್ತಿದ್ದೆ. ಕಪ್‌ನ ಮೇಲಂಚು ಎದೆಯನ್ನು ಒತ್ತಿ, ಅದರ ಮೇಲೆ ಇನ್ನೊಂದು ಉಬ್ಬು ಏಳುವಂತೆ ಮಾಡುತ್ತಿತ್ತು; ತೆಳುವಾದ ಟೀ ಶರ್ಟು ಹಾಕಿದರೆ ಆ ಗೆರೆ ಹೊರಗೂ ಕಾಣುತ್ತಿತ್ತು. ಅಂಗಡಿಯಲ್ಲಿ ಬಿಗಿಯಾಗುತ್ತಿದೆಯೆಂದು ಹೇಳಿದಾಗ, ಅಲ್ಲಿದ್ದವರು ಏನನ್ನೂ ಕೇಳದೆ, ಅಳೆಯದೆ, ಒಂದು ಸೈಜು ದೊಡ್ಡದನ್ನು ಕೈಗಿತ್ತರು. ಉಬ್ಬು ಮಾಯವಾದದ್ದು ನಿಜ, ಆದರೆ ಭುಜದ ಹಳ್ಳಗಳು ಶುರುವಾದದ್ದು ಆಮೇಲೆಯೇ. ಬಿಗಿಯಾಗಿದ್ದದ್ದು ಕಪ್, ಸಡಿಲವಾದದ್ದು ಬೆನ್ನು. ಒಂದರ ರೋಗಕ್ಕೆ ಇನ್ನೊಂದಕ್ಕೆ ಮದ್ದು ಮಾಡಿದಂತಾಗಿತ್ತು.

ಬ್ರಾದ ಅಳತೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. 36 ಎಂಬ ಸಂಖ್ಯೆ ಎದೆಯ ಕೆಳಗೆ ಪಕ್ಕೆಲುಬುಗಳನ್ನು ಸುತ್ತುವ ಬ್ಯಾಂಡ್‌ಗೆ ಸಂಬಂಧಿಸಿದ್ದು. ಅಕ್ಷರವೆಂಬುದು ಆ ಕೆಳಗಿನ ಸುತ್ತಳತೆಗೂ ಎದೆಯ ಅತಿ ತುಂಬಿದ ಭಾಗದ ಸುತ್ತಳತೆಗೂ ಇರುವ ವ್ಯತ್ಯಾಸ. ಇಂಚಿನ ಲೆಕ್ಕದಲ್ಲಿ ಹೇಳುವುದಾದರೆ 1 ಇಂಚಿನ ವ್ಯತ್ಯಾಸಕ್ಕೆ ಎ, 2ಕ್ಕೆ ಬಿ, 3ಕ್ಕೆ ಸಿ, 4ಕ್ಕೆ ಡಿ. ಅಂದರೆ ಅಕ್ಷರಕ್ಕೆ ತನ್ನದೇ ಆದ ಗಾತ್ರವಿಲ್ಲ. ಸಂಖ್ಯೆಯೊಂದಿಗೆ ಸೇರಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. 30ಡಿ ಮತ್ತು 38ಡಿ ಕಪ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡೂ ಒಂದೇ ಅಕ್ಷರದವೆಂದು ನಂಬುವುದೇ ಕಷ್ಟ. ಬದಲಾಗಿ, ಬ್ಯಾಂಡ್ ಒಂದು ಮೆಟ್ಟಿಲು ಇಳಿದು ಅಕ್ಷರ ಒಂದು ಮೆಟ್ಟಿಲು ಏರಿದರೆ ಕಪ್‌ನಲ್ಲಿ ಹಿಡಿಸುವಷ್ಟು ಜಾಗ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. 36ಬಿ, 34ಸಿ, 32ಡಿ ಈ ಮೂರೂ ಕಪ್‌ನ ಮಟ್ಟಿಗೆ ಅಕ್ಕತಂಗಿಯರು.

ಒಂದು ಭಾನುವಾರ ಅಳತೆ ಟೇಪು ಹಿಡಿದು ಕನ್ನಡಿಯ ಮುಂದೆ ನಿಂತಾಗ ಇದು ನನಗೆ ನಿಜವಾಗಿ ಅರ್ಥವಾಯಿತು. ಉಸಿರನ್ನು ಪೂರ್ತಿ ಹೊರಬಿಟ್ಟು, ಟೇಪು ಬೆನ್ನಿನಲ್ಲಿ ಮೇಲೇರದಂತೆ ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಎದೆಯ ಬುಡಕ್ಕೆ ಒತ್ತಿ ಅಳೆದೆ. 32 ಇಂಚು ಬಂತು. ನಂತರ ಎದೆಯ ತುಂಬಿದ ಭಾಗವನ್ನು ನೇರ ನಿಂತು ಒಮ್ಮೆ, ಸೊಂಟದಿಂದ ಮುಂದಕ್ಕೆ ಬಾಗಿ ಇನ್ನೊಮ್ಮೆ, ಟೇಪನ್ನು ಬಿಗಿಯದೆ ಅಳೆದೆ. ಸ್ತನಗಳು ಮೆತ್ತಗಿರುವವರಿಗೆ ನಿಂತಾಗಿನ ಅಳತೆ ಕಡಿಮೆ ಬರುವ ಸಾಧ್ಯತೆಯಿರುವುದರಿಂದ ಈ ಎರಡನೆಯದು ಬಹಳ ಮುಖ್ಯ. ಎರಡರ ನಡುವಿನ ಲೆಕ್ಕ ಹಿಡಿದಾಗ ಸುಮಾರು 36 ಆಯಿತು. ವ್ಯತ್ಯಾಸ 4 ಇಂಚು, ಅಳತೆ 32ಡಿ. ಅಷ್ಟು ವರ್ಷ ನಾನು ಹಾಕಿದ ಕಪ್ ಗಾತ್ರದಲ್ಲಿ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಬೆನ್ನನ್ನು ಸುತ್ತುವ ಪಟ್ಟಿಯಲ್ಲಿ, ಅದೂ ಪೂರ್ತಿ ನಾಲ್ಕು ಇಂಚು.

ಆ ನಾಲ್ಕು ಇಂಚು ಮಾಡುತ್ತಿದ್ದ ಅನಾಹುತವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದೆಲ್ಲ ತೊಂದರೆಗಳ ಬೇರು ಇಲ್ಲಿದೆ. ಎದೆಯ ಭಾರವನ್ನು ಹೊರುವ ಕೆಲಸ ಮುಖ್ಯವಾಗಿ ಬ್ಯಾಂಡ್‌ನದು. ಅದು ಪಕ್ಕೆಲುಬುಗಳನ್ನು ಬಿಗಿಯಾಗಿ ಅಪ್ಪಿಕೊಂಡು ಒಂದು ಅಡ್ಡ ಗೆರೆಯಂತೆ ನಿಂತಾಗ ಕಪ್‌ಗಳಿಗೆ ಕೆಳಗಿನಿಂದ ಆಧಾರ ಸಿಗುತ್ತದೆ, ಭುಜದ ಸ್ಟ್ರ್ಯಾಪ್‌ಗಳು ಕಪ್‌ನ ಮೇಲಂಚನ್ನು ಮೈಗೆ ಹತ್ತಿರ ಹಿಡಿದಿಟ್ಟರೆ ಸಾಕಾಗುತ್ತದೆ. ಬ್ಯಾಂಡ್ ಸಡಿಲವಾದಾಗ ಮುಂಭಾಗ ಭಾರಕ್ಕೆ ಜಗ್ಗುತ್ತದೆ, ಹಿಂಭಾಗ ಬೆನ್ನಿನ ಮೇಲೆ ಕಮಾನಿನಂತೆ ಏರುತ್ತದೆ. ಜಗ್ಗಿದ್ದನ್ನು ಎತ್ತಲು ನಾವು ಸ್ಟ್ರ್ಯಾಪ್ ಬಿಗಿ ಮಾಡುತ್ತೇವೆ. ಬಿಗಿ ಮಾಡಿದಷ್ಟೂ ಅದು ಹಿಂಭಾಗವನ್ನು ಇನ್ನಷ್ಟು ಮೇಲಕ್ಕೆಳೆಯುತ್ತದೆ, ಮುಂಭಾಗ ಇನ್ನಷ್ಟು ಇಳಿಯುತ್ತದೆ. ಕೊನೆಗೆ ಎಲ್ಲ ಭಾರವೂ ಎರಡು ತೆಳ್ಳನೆಯ ಪಟ್ಟಿಗಳ ಮೂಲಕ ಭುಜದ ಮೇಲೆ ಬೀಳುತ್ತದೆ. ನನ್ನ ಭುಜದ ಹಳ್ಳಗಳಿಗೂ ಕತ್ತಿನ ಸೆಳೆತಕ್ಕೂ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಆದರೂ 32ಡಿ ಕೇಳಲು ನನಗೆ ಸಂಕೋಚವಾಯಿತು. ಡಿ ಎಂದರೆ ಬಹಳ ದೊಡ್ಡದು ಎಂಬ ಕಲ್ಪನೆ ಮನಸ್ಸಿನಲ್ಲಿ ಬೇರೂರಿತ್ತು. ಕಪ್‌ಗಳಿಗೆ ಅಕ್ಷರ ಕೊಡುವ ಪದ್ಧತಿ 1930ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದಾಗ ಎಯಿಂದ ಡಿವರೆಗೆ ನಾಲ್ಕೇ ಅಕ್ಷರಗಳಿದ್ದವು. ಕೊನೆಯ ಅಕ್ಷರದ ಬಗ್ಗೆ ಅಂದು ಹುಟ್ಟಿದ ಭಾವನೆ ಇಂದಿಗೂ ಉಳಿದಿದೆಯೇನೋ ಎಂದು ನನಗನಿಸುತ್ತದೆ. ಇಂದು ಡಿಯ ಆಚೆಗೂ ಅಕ್ಷರಗಳಿವೆ, ಅಲ್ಲಿಂದ ಮುಂದೆ ದೇಶಕ್ಕೊಂದು ದಾರಿಯೂ ಇದೆ: ಬ್ರಿಟನ್ನಿನಲ್ಲಿ ಡಿ, ಡಿಡಿ, ಇ, ಎಫ್, ಎಫ್‌ಎಫ್ ಎಂದು ಏರಿದರೆ ಅಮೆರಿಕದಲ್ಲಿ ಡಿಡಿಯ ನಂತರ ಡಿಡಿಡಿ ಬರುತ್ತದೆ. ಯುರೋಪಿನ ಹಲವೆಡೆ ಬ್ಯಾಂಡನ್ನು 70, 75, 80 ಎಂದು ಸೆಂಟಿಮೀಟರಿನಲ್ಲಿ ಗುರುತಿಸುತ್ತಾರೆ. ಅಲ್ಲಿ 75 ಎಂದಿರುವುದು ಫ್ರಾನ್ಸಿನಲ್ಲಿ 90 ಆಗುತ್ತದೆ. ಇದರ ಜೊತೆಗೆ, ಎದೆಯ ಕೆಳಗಿನ ಅಳತೆಗೆ 4 ಅಥವಾ 5 ಇಂಚು ಕೂಡಿಸಿ ಬ್ಯಾಂಡ್ ನಿರ್ಧರಿಸುವ ಹಳೆಯ ಸೂತ್ರವೂ ಎಷ್ಟೋ ಕಡೆ ಇನ್ನೂ ಬಳಕೆಯಲ್ಲಿದೆ. ಹಿಗ್ಗುವ ಬಟ್ಟೆಗಳಲ್ಲಿ ಹೊಲಿದ ಇಂದಿನ ಬ್ರಾಗಳಿಗೆ ಆ ಸೂತ್ರವನ್ನು ಅನ್ವಯಿಸಿದರೆ ಬ್ಯಾಂಡ್ ಸಡಿಲವಾಗುವುದು ಬಹುತೇಕ ಖಚಿತ. ಹೀಗಾಗಿ ಲೇಬಲ್ಲಿನ ಅಕ್ಷರಕ್ಕೆ ಹೆದರುವುದರಲ್ಲೂ ಹೆಮ್ಮೆಪಡುವುದರಲ್ಲೂ ಅರ್ಥವಿಲ್ಲವೆಂದು ಮನಸ್ಸಿಗೆ ಒಪ್ಪಿಸಿ ಹೋದೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊದಲು ಮಾಡಿದ ಕೆಲಸ, ಹೊಸ ಬ್ರಾವನ್ನು ಹಿಂದುಮುಂದಾಗಿ, ಅಂದರೆ ಕಪ್‌ಗಳು ಬೆನ್ನಿಗೆ ಬರುವಂತೆ ಹಾಕಿ, ಹುಕ್ಕುಗಳನ್ನು ಎದುರಿಗೆ ಹಾಕಿಕೊಂಡು ನೋಡಿದ್ದು. ಕಪ್ ಚಿಕ್ಕದಾದರೆ ಅದು ಬ್ಯಾಂಡನ್ನೂ ಎಳೆದು ಬ್ಯಾಂಡೇ ಬಿಗಿಯೆಂಬ ಭ್ರಮೆ ಹುಟ್ಟಿಸುತ್ತದೆ. ಹೀಗೆ ಹಾಕಿದಾಗ ಬ್ಯಾಂಡ್‌ನ ನಿಜವಾದ ಬಿಗಿ ತಿಳಿಯುತ್ತದೆ. ಹುಕ್ಕನ್ನು ಅತ್ಯಂತ ಹೊರಗಿನ, ಅಂದರೆ ಸಡಿಲವಾದ ಸಾಲಿಗೇ ಹಾಕಿದೆ. ಎರಡು ಬೆರಳು ಒಳಗೆ ಹೋಗುವಷ್ಟು ಮಾತ್ರ ಅವಕಾಶವಿತ್ತು. ಬಳಸುತ್ತ ಹೋದಂತೆ ಇಲಾಸ್ಟಿಕ್ ಹಿಗ್ಗುತ್ತದೆ, ಆಗ ಒಳಗಿನ ಸಾಲುಗಳಿಗೆ ಸರಿಯಬೇಕು. ಹೊಸದನ್ನೇ ಒಳಗಿನ ಸಾಲಿಗೆ ಹಾಕಬೇಕಾಗಿ ಬಂದರೆ ಆ ಬ್ರಾ ಅಲ್ಲಿಯೇ ದೊಡ್ಡದಾಯಿತೆಂದು ಲೆಕ್ಕ.

ಬಳಿಕ ಸರಿಯಾಗಿ ಹಾಕಿಕೊಂಡು, ಮುಂದಕ್ಕೆ ಬಾಗಿ, ಬಲಗೈಯನ್ನು ಎಡಗಪ್‌ನೊಳಗೆ ಕಂಕುಳಿನವರೆಗೆ ತೂರಿಸಿ, ಪಕ್ಕಕ್ಕೆ ಸರಿದಿದ್ದ ಸ್ತನದ ಭಾಗವನ್ನೆಲ್ಲ ಬೊಗಸೆಯಲ್ಲಿ ತಂದಂತೆ ಕಪ್‌ನೊಳಕ್ಕೆ ತಂದೆ. ಇನ್ನೊಂದು ಬದಿಗೂ ಹಾಗೆಯೇ ಮಾಡಿದೆ. ಇದಕ್ಕೆ ಅರ್ಧ ನಿಮಿಷವೂ ಬೇಡ, ಆದರೆ ಇದನ್ನು ಮಾಡದೆ ಯಾವ ಬ್ರಾದ ಬಗ್ಗೆಯೂ ತೀರ್ಪು ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕಂಕುಳಿನ ಬಳಿಯ ಕೊಬ್ಬೆಂದು ನಾನು ಬೈದುಕೊಳ್ಳುತ್ತಿದ್ದ ಭಾಗದಲ್ಲಿ ಬಹುಪಾಲು ಸ್ತನವೇ ಆಗಿತ್ತು. ನೇರ ನಿಂತಾಗ ಎರಡು ಕಪ್‌ಗಳ ನಡುವಿನ ತುಂಡು ಎದೆಮೂಳೆಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಕೆಳಗಿನ ತಂತಿ ಸ್ತನದ ಬುಡದ ಮಡಿಕೆಯಲ್ಲಿ ಕುಳಿತು, ಕಂಕುಳಿನ ಕಡೆಗೆ ಸ್ತನವನ್ನು ಪೂರ್ತಿ ಬಳಸಿ ಅದರ ಹಿಂದೆ ನಿಂತಿತ್ತು. ಎರಡೂ ಕೈಗಳನ್ನು ಮೇಲೆತ್ತಿದೆ, ಬ್ಯಾಂಡ್ ಅಲುಗಲಿಲ್ಲ. ಆ ಕ್ಷಣ ಕಣ್ಣು ತುಂಬಿ ಬಂದದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆದರೆ ಕಪ್‌ನ ಮೇಲ್ಭಾಗದಲ್ಲಿ ಒಂದು ಖಾಲಿ ಜಾಗ ಉಳಿದಿತ್ತು. ಒತ್ತಿದರೆ ಒಳಕ್ಕೆ ತಗ್ಗುತ್ತಿತ್ತು. ಕಪ್ ದೊಡ್ಡದಾಯಿತೆಂದು 32ಸಿ ಹಾಕಿ ನೋಡಿದರೆ ತಂತಿ ಪಕ್ಕದಲ್ಲಿ ಸ್ತನದ ಮೇಲೆಯೇ ಕುಳಿತು ಚುಚ್ಚಿತು, ಮೇಲಿನ ಖಾಲಿ ಜಾಗ ಮಾತ್ರ ಹಾಗೆಯೇ ಇತ್ತು. ಗಾತ್ರವೇ ಬೇರೆ, ಆಕಾರವೇ ಬೇರೆ ಎಂಬ ಎರಡನೆಯ ಪಾಠ ಅಲ್ಲಿ ಸಿಕ್ಕಿತು. ಕೆಲವರ ಸ್ತನಗಳು ಮೇಲ್ಭಾಗದಲ್ಲಿ ತುಂಬಿರುತ್ತವೆ, ಕೆಲವರವು ಕೆಳಭಾಗದಲ್ಲಿ; ಕೆಲವರದು ಎದೆಗೂಡಿನ ಮೇಲೆ ಅಗಲವಾಗಿ ಹರಡಿದ ಬುಡ, ಕೆಲವರದು ಕಿರಿದಾಗಿ ಮುಂದಕ್ಕೆ ಚಾಚಿದ್ದು; ನಡುವಿನ ಅಂತರವೂ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಒಂದೇ ಅಳತೆಯ ಇಬ್ಬರಿಗೆ ಒಂದೇ ಬ್ರಾ ಒಪ್ಪದಿರುವುದು ಇದರಿಂದಲೇ. ನನ್ನವು ಕೆಳಗೆ ತುಂಬಿ ಮೇಲೆ ಇಳಿಜಾರಾದವು. ಅಚ್ಚಿನಲ್ಲಿ ಒತ್ತಿ ಮಾಡಿದ ಸ್ಪಂಜಿನ ಕಪ್ ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ. ಮೈ ಅದಕ್ಕೆ ಹೊಂದಬೇಕೇ ಹೊರತು ಅದು ಮೈಗೆ ಹೊಂದುವುದಿಲ್ಲ. ಎರಡು ಮೂರು ತುಂಡುಗಳನ್ನು ಸೇರಿಸಿ ಹೊಲಿದ, ಮೇಲ್ಭಾಗದಲ್ಲಿ ಹಿಗ್ಗುವ ಲೇಸ್ ಇರುವ ಕಪ್ ಹಾಕಿದಾಗ ಖಾಲಿ ಜಾಗ ಇಲ್ಲವಾಯಿತು. ಮೇಲೆ ತುಂಬಿದವರಿಗೂ ಅಂತಹ ಹಿಗ್ಗುವ ಮೇಲಂಚು ಒತ್ತದೆ ಹಿಡಿಯುತ್ತದೆ. ಸ್ತನಗಳ ನಡುವೆ ಅಂತರ ತೀರಾ ಕಡಿಮೆ ಇರುವವರಿಗೆ ನಡುವಿನ ತುಂಡು ಗಿಡ್ಡಗಿರುವ ಪ್ಲಂಜ್ ಮಾದರಿ ನೋವು ತಪ್ಪಿಸುತ್ತದೆ.

ಒಂದು ಸ್ತನ ಇನ್ನೊಂದಕ್ಕಿಂತ ದೊಡ್ಡದಾಗಿರುವುದು ತೀರ ಸಾಮಾನ್ಯ. ಯಾವಾಗಲೂ ದೊಡ್ಡದಕ್ಕೆ ಸರಿಹೊಂದುವ ಅಳತೆ ಆರಿಸಿ, ಚಿಕ್ಕದರ ಬದಿಯಲ್ಲಿ ಸ್ಟ್ರ್ಯಾಪ್ ತುಸು ಬಿಗಿ ಮಾಡಬಹುದು ಅಥವಾ ತೆಗೆದು ಹಾಕುವ ಪ್ಯಾಡ್ ಇಡಬಹುದು. ಹಾಗೆಯೇ ಸ್ಟ್ರ್ಯಾಪ್ ಜಾರುವುದಕ್ಕೂ ಯಾವಾಗಲೂ ಸಡಿಲತನವೇ ಕಾರಣವಲ್ಲ. ನನ್ನಂತೆ ಇಳಿಜಾರಾದ ಭುಜವಿರುವವರಿಗೆ ಸ್ಟ್ರ್ಯಾಪ್‌ಗಳು ಬೆನ್ನಿನಲ್ಲಿ ಪರಸ್ಪರ ಹತ್ತಿರ ಬರುವ ಮಾದರಿ ಬೇಕು. ಎಷ್ಟು ಬಿಗಿದರೂ ಜಾರುತ್ತಿದ್ದವು ಈಗ ಒಂದು ಬೆರಳು ಒಳಗೆ ಸುಲಭವಾಗಿ ಆಡುವಷ್ಟು ಸಡಿಲವಾಗಿದ್ದರೂ ಜಾರುವುದಿಲ್ಲ.

ಓಡುವವರು, ವ್ಯಾಯಾಮ ಮಾಡುವವರು ದಿನಬಳಕೆಯ ಬ್ರಾವನ್ನೇ ನೆಚ್ಚಿಕೊಳ್ಳಬಾರದು. ಓಡುವಾಗ ಸ್ತನಗಳು ಮೇಲೆ ಕೆಳಗೆ ಮಾತ್ರವಲ್ಲದೆ ಅಕ್ಕಪಕ್ಕಕ್ಕೂ ಹಿಂದೆಮುಂದೆಯೂ ಚಲಿಸುತ್ತವೆ. 1977ರಲ್ಲಿ ಅಮೆರಿಕದ ಲೀಸಾ ಲಿಂಡಾಲ್, ಪಾಲಿ ಸ್ಮಿತ್ ಮತ್ತು ಹಿಂಡಾ ಮಿಲ್ಲರ್ ಪುರುಷ ಆಟಗಾರರು ಒಳಗೆ ಧರಿಸುವ ಎರಡು ಜಾಕ್‌ಸ್ಟ್ರ್ಯಾಪ್‌ಗಳನ್ನು (ಲಂಗೋಟಿಯಂತಹ ಒಳಉಡುಪು) ಜೋಡಿಸಿ ಹೊಲಿದು ಮೊದಲ ಸ್ಪೋರ್ಟ್ಸ್ ಬ್ರಾದ ಮಾದರಿ ತಯಾರಿಸಿದ್ದು ಓಡುವಾಗ ಲಿಂಡಾಲ್ ಅನುಭವಿಸುತ್ತಿದ್ದ ನೋವಿಗೆ ಪರಿಹಾರವಾಗಿಯೇ. ಎದೆ ತುಂಬಿದವರಿಗೆ, ಎರಡನ್ನೂ ಒಟ್ಟಾಗಿ ಅದುಮುವ ಮಾದರಿಗಿಂತ ಪ್ರತಿಯೊಂದಕ್ಕೂ ಬೇರೆ ಕಪ್ ಇರುವ ಮಾದರಿ ಹೆಚ್ಚು ಹಿತವಾಗಿರುತ್ತದೆ.

ತಂತಿಯಿರುವ ಬ್ರಾದಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಭಯವನ್ನು ಎಷ್ಟೋ ಹೆಂಗಸರು ನನ್ನ ಬಳಿ ತೋಡಿಕೊಂಡಿದ್ದಾರೆ. ಅಮೆರಿಕದ ಸಿಯಾಟಲ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಋತುಬಂಧದ ನಂತರದ ವಯಸ್ಸಿನ ಮಹಿಳೆಯರನ್ನು ಪರಿಶೀಲಿಸಿದಾಗ, ತಂತಿಗೂ, ದಿನಕ್ಕೆ ಎಷ್ಟು ಗಂಟೆ ಹಾಕುತ್ತಾರೆಂಬುದಕ್ಕೂ, ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. ತಂತಿ ಚುಚ್ಚುತ್ತಿದ್ದರೆ ಅದು ಅಳತೆ ಅಥವಾ ಆಕಾರ ತಪ್ಪಿರುವುದರ ಸೂಚನೆ. ತಂತಿಯೇ ಹಿಡಿಸದವರಿಗೆ ತಂತಿಯಿಲ್ಲದ ಬ್ರಾಗಳೂ ಇವೆ. ಬ್ರಾ ಹಾಕದಿರುವುದೇ ಹಿತವೆನಿಸುವವರು ಹಾಗೆಯೇ ಇರಬಹುದು.

ಕೈಯಲ್ಲಿ ತಣ್ಣೀರಿನಲ್ಲಿ ಒಗೆದು, ಹಿಂಡದೆ, ನೆರಳಿನಲ್ಲಿ ಒಣಗಿಸಿದರೆ ಇಲಾಸ್ಟಿಕ್ ಬಾಳಿಕೆ ಬರುತ್ತದೆ. ಬಿಸಿ ಅದರ ಶತ್ರು. ಒಂದನ್ನೇ ದಿನವೂ ಹಾಕದೆ ಎರಡು ಮೂರನ್ನು ಸರದಿಯಲ್ಲಿ ಬಳಸುತ್ತೇನೆ. ಅತಿ ಒಳಗಿನ ಹುಕ್ಕಿನ ಸಾಲಿಗೆ ಹಾಕಿದರೂ ಬ್ಯಾಂಡ್ ಮೇಲೇರತೊಡಗಿದರೆ, ಲೇಸ್ ಎಷ್ಟೇ ಚೆನ್ನಾಗಿ ಉಳಿದಿದ್ದರೂ, ಅದರ ಕಾಲ ಮುಗಿಯಿತೆಂದೇ ತಿಳಿಯುತ್ತೇನೆ.

ಅಳತೆಯೂ ಒಂದೇ ಕಡೆ ನಿಲ್ಲುವುದಿಲ್ಲ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಸ್ತನಗಳು ಊದಿಕೊಳ್ಳುವುದರಿಂದ ಆ ವಾರಕ್ಕೆಂದೇ ಹಿಗ್ಗುವ ಕಪ್‌ನ ಒಂದನ್ನು ಇಟ್ಟುಕೊಂಡಿದ್ದೇನೆ. ಬಸಿರು, ಬಾಣಂತನ, ತೂಕದ ಏರಿಳಿತ, ಋತುಬಂಧ ಇವೆಲ್ಲವೂ ಗಾತ್ರವನ್ನೂ ಆಕಾರವನ್ನೂ ಬದಲಿಸುತ್ತವೆ. ಹಾಗಾಗಿ ಆರು ತಿಂಗಳಿಗೊಮ್ಮೆ ಟೇಪನ್ನು ಹೊರತೆಗೆಯುತ್ತೇನೆ. ಕಳೆದ ಬಾರಿ ಕೆಳಗಿನ ಸುತ್ತಳತೆ ಒಂದೂವರೆ ಇಂಚು ಹೆಚ್ಚಾಗಿತ್ತು, ವ್ಯತ್ಯಾಸ ಮಾತ್ರ ಮೂರಕ್ಕೆ ಇಳಿದಿತ್ತು. ಈಗ ನನ್ನ ಕಪಾಟಿನಲ್ಲಿರುವುದು 34ಸಿ. ಭುಜಗಳ ಮೇಲೆ ಹಳ್ಳಗಳಿಲ್ಲ.