ಕಿಟಕಿಯ ಗಾಜಿಗೆ ಮರೆ ಮಾಡುವ ಮುನ್ನ

ಮಲಗುವ ಕೋಣೆಯ ಪೂರ್ವದ ಕಿಟಕಿ ಎದುರುಮನೆಯ ಮಹಡಿಗೆ ನೇರವಾಗಿದ್ದುದರಿಂದ ಅದರ ಒಳಮೈಗೆ ಕಪ್ಪು ಫಿಲ್ಮ್ ಅಂಟಿಸಿದ್ದೆ. ಕೆಲವು ವಾರಗಳ ನಂತರ, ಚಳಿಯ ರಾತ್ರಿ ಕಳೆದು ಎಳೆಬಿಸಿಲು ಬಿದ್ದ ಒಂದು ಬೆಳಿಗ್ಗೆ, ಯಾರೂ ಮುಟ್ಟದಿದ್ದರೂ ಗಾಜು ಟಪ್ಪೆಂದು ಸೀಳಿತು. ಹತ್ತಿರ ಹೋಗಿ ನೋಡಿದಾಗ ಬಿರುಕು ಚೌಕಟ್ಟಿನ ಅಂಚಿನಿಂದ ಲಂಬವಾಗಿ ಹೊರಟು, ಎರಡು ಬೆರಳಗಲ ನೆಟ್ಟಗೆ ಸಾಗಿ, ಆಮೇಲೆ ಬಳುಕುತ್ತಾ ಎದುರಂಚನ್ನು ಮುಟ್ಟಿತ್ತು. ಕಲ್ಲೇಟಿಗೆ ಒಡೆದಿದ್ದರೆ ಪೆಟ್ಟು ಬಿದ್ದ ಜಾಗದಿಂದ ಗೆರೆಗಳು ಸುತ್ತಲೂ ಹರಡಿರುತ್ತಿದ್ದವು. ಇದು ಶಾಖದಿಂದಾದ ಸೀಳು.

ಕಪ್ಪು ಫಿಲ್ಮ್ ಬಿಸಿಲನ್ನು ಹೀರಿ ಗಾಜಿನ ನಡುಭಾಗವನ್ನು ಕಾಯಿಸುತ್ತದೆ, ಆದರೆ ಚೌಕಟ್ಟಿನೊಳಗೆ ಹುದುಗಿರುವ ಅಂಚು ರಾತ್ರಿಯ ತಂಪಿನಲ್ಲೇ ಉಳಿದಿರುತ್ತದೆ. ಒಂದು ಮೀಟರ್ ಉದ್ದದ ಗಾಜು 30 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು ಕಾಲು ಮಿಲಿಮೀಟರ್ ಮಾತ್ರ. ಆದರೆ ಅಷ್ಟು ಹಿಗ್ಗುವಿಕೆಯೇ ಹಿಗ್ಗದ ಅಂಚನ್ನು ಜಗ್ಗುತ್ತದೆ, ಮತ್ತು ಕತ್ತರಿಸುವಾಗ ಆ ಅಂಚಿನಲ್ಲಿ ಉಳಿದ ಸಣ್ಣ ಗೀರೊಂದರಿಂದಲೇ ಬಿರುಕು ಹುಟ್ಟುತ್ತದೆ. ಸಾಧಾರಣ ಗಾಜು ಸುಮಾರು 40 ಡಿಗ್ರಿ ವ್ಯತ್ಯಾಸವನ್ನು ತಾಳಬಹುದು, ಅಂಚು ಒರಟಾಗಿದ್ದರೆ ಅದೂ ಇಲ್ಲ. ಟಫನ್ಡ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ ಗಾಜು, ಸುಮಾರು 200 ಡಿಗ್ರಿ ವ್ಯತ್ಯಾಸವನ್ನೂ ತಾಳುವುದರಿಂದ ಅಲ್ಲಿ ಈ ಭಯ ಬಹಳ ಕಡಿಮೆ. ಎರಡು ಪದರದ ಸೀಲ್ ಮಾಡಿದ ಗಾಜು ಮತ್ತು ತಂತಿಬಲೆ ಹುದುಗಿಸಿದ ಗಾಜಿನ ವಿಷಯದಲ್ಲಿ ಮಾತ್ರ, ತಯಾರಕರನ್ನು ಕೇಳದೆ ಗಾಢ ಬಣ್ಣದ ಯಾವ ಫಿಲ್ಮನ್ನೂ ಅಂಟಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಫಿಲ್ಮ್ ಬೇಡವೆಂದು ಗಾಜಿಗೆ ಒತ್ತಿಕೊಂಡಂತೆ ರಟ್ಟು, ಅಲ್ಯೂಮಿನಿಯಂ ಹಾಳೆ ಅಥವಾ ದಪ್ಪ ಪರದೆ ಇಟ್ಟರೂ ಬಿಸಿಗಾಳಿ ನಡುವೆ ಸಿಕ್ಕಿಕೊಂಡು ಅದೇ ತೊಂದರೆಯಾಗುತ್ತದೆ. ಗಾಜಿನ ಅರ್ಧಕ್ಕಷ್ಟೇ ಕಪ್ಪು ಹಾಳೆ ಅಂಟಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಒಂದೇ ಗಾಜಿನಲ್ಲಿ ಕಾದ ಭಾಗವೂ ಕಾಯದ ಭಾಗವೂ ಅಕ್ಕಪಕ್ಕ ನಿಲ್ಲುತ್ತವೆ.

ಹೊಸ ಗಾಜಿಗೆ ಈಗ ಬಿಳಿಯ ಫ್ರಾಸ್ಟೆಡ್ ಫಿಲ್ಮ್ ಹಾಕಿಸಿದ್ದೇನೆ. ಅದು ಬೆಳಕನ್ನು ಚದುರಿಸಿ ಆಕಾರಗಳನ್ನು ಮಸುಕುಗೊಳಿಸುತ್ತದೆ, ಕಪ್ಪು ಫಿಲ್ಮಿನಷ್ಟು ಶಾಖವನ್ನು ಹೀರುವುದಿಲ್ಲ. ಕನ್ನಡಿಯಂಥ ಫಿಲ್ಮನ್ನು ಬೇಕೆಂದೇ ಬಿಟ್ಟೆ, ಏಕೆಂದರೆ ರಾತ್ರಿ ಒಳಗೆ ದೀಪ ಹಚ್ಚಿದೊಡನೆ ಹೊರಗಿನವರಿಗೆ ಕೋಣೆಯೆಲ್ಲ ಕಾಣುತ್ತದೆ, ಮರೆ ಬೇಕಾಗುವುದು ಆ ಹೊತ್ತಿನಲ್ಲೇ. ಪರದೆಯ ಸರಳನ್ನು ಗಾಜಿನಿಂದ ಒಂದು ಗೇಣು ಒಳಕ್ಕೆ ಸರಿಸಿ, ಗಾಳಿಯಾಡಲು ಮೇಲೂ ಕೆಳಗೂ ತೆರವು ಬಿಡಿಸಿದ್ದೇನೆ.